ಒಂದೂವರೆ, ಎರಡೂವರೆ, ಮೂರೂವರೆ

ಎಳೆಗೂಸಿನ ಮೈಯನ್ನು ಲಸಿಕೆಗಳು ಭಾಗ ಮಾಡಿಕೊಂಡಿವೆ. ಎಡತೋಳಿನ ಮೇಲ್ಭಾಗ ಬಿಸಿಜಿಗೆ, ಬಲತೋಳು ದಢಾರದ ಲಸಿಕೆಗೆ, ತೊಡೆಯ ಹೊರಮಗ್ಗುಲು ಡಿಪಿಟಿಗೆ, ಬಾಯಿ ಪೋಲಿಯೊ ಹನಿಗೆ. ಈ ಹಂಚಿಕೆಗೆ ಒಂದು ಲೆಕ್ಕವಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಮೊದಲ ಸೂಜಿ ತವರಿನಲ್ಲಿ, ಮುಂದಿನದು ಗಂಡನ ಮನೆಯ ಊರಿನಲ್ಲಿ. ನಡುವೆ ಎಲ್ಲೋ ಕಾರ್ಡ್ ಕಳೆದುಹೋಗಿರುತ್ತದೆ. ಆಗ ಕೂಸಿನ ಅಂಗಿ ಎತ್ತಿ ನೋಡಿ, "ಯಾವ ಕಡೆ ಬಾತಿತ್ತವಾ?" ಎಂದು ತಾಯಿಯನ್ನು ಕೇಳಿದರೆ ಅಷ್ಟಿಷ್ಟು ಗೊತ್ತಾಗುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿದೆ. ಆಗಿನ್ನೂ ಗದಗ ಜಿಲ್ಲೆಯಾಗಿರಲಿಲ್ಲ. ರೋಣದ ಕಡೆಯ ಎರೆಮಣ್ಣಿನ ಹಳ್ಳಿಗಳೆಲ್ಲ ಧಾರವಾಡ ಜಿಲ್ಲೆಯಲ್ಲೇ ಇದ್ದವು. 1985ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ದೇಶದ ಉಳಿದ ಜಿಲ್ಲೆಗಳಿಗೆ ಹಬ್ಬುತ್ತಿದ್ದ ಹೊತ್ತು. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ಗುರುವಾರ ಲಸಿಕೆ ಎಂದರೆ ಬುಧವಾರ ರಾತ್ರಿಯೇ ಸೀಮೆಎಣ್ಣೆ ಸ್ಟೋವ್ ಹೊತ್ತಿಸಿ ಅವನ್ನೆಲ್ಲ ಕುದಿಸಿಟ್ಟುಕೊಳ್ಳಬೇಕು. ಬಳಸಿ ಬಳಸಿ ಸೂಜಿ ಮೊಂಡಾಗುತ್ತಿತ್ತು. ಒಮ್ಮೆ ಒತ್ತಿದರೆ ತಾನೇ ಲಾಕ್ ಆಗಿಬಿಡುವ ಎಡಿ ಸಿರಿಂಜು ನಮ್ಮ ಕೈಗೆ ಬಂದದ್ದು 2005ರ ನಂತರ. ಅಲ್ಲಿಯವರೆಗೆ ನಾವು ಕೊಟ್ಟ ನೋವಿನಲ್ಲಿ ಔಷಧದ್ದೆಷ್ಟು, ಸೂಜಿಯದೆಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ.

ಡಿಪಿಟಿಯಲ್ಲಿ ಆಗಲೇ ಮೂರು ಲಸಿಕೆಗಳು ಕೂಡಿದ್ದವು: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು. ಮೂರನ್ನು ಒಂದರಲ್ಲಿ ಯಾಕೆ ಹಾಕಿದ್ದಾರೆಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ಮೂರೂ ಅವರು ಕಂಡ ಜಡ್ಡುಗಳೇ. ಸೇರಿದ ಹೊಸತರಲ್ಲಿ ಕುರಿ ಕಾಯುವವರ ಮನೆಯ ಹುಡುಗನೊಬ್ಬನ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿದ್ದನ್ನು ಟಾರ್ಚ್ ಹಿಡಿದು ನಾನೇ ನೋಡಿದ್ದೇನೆ. ಕತ್ತು ಎರಡೂ ಕಡೆ ಬಾತು ಗದ್ದವೇ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ಕೆಎಂಸಿಗೆ ಕರೆದೊಯ್ಯಿರಿ ಎಂದು ಚೀಟಿ ಬರೆದುಕೊಟ್ಟೆ. ಹುಡುಗ ಉಳಿಯಲಿಲ್ಲ. ಆ ಓಣಿಯಲ್ಲಿ ಮುಂದೆ ನನಗೆ ಯಾರ ಮನವೊಲಿಸುವ ಕೆಲಸವೂ ಬೀಳಲಿಲ್ಲ. ಗುರುವಾರ ಬೆಳಗ್ಗೆ ಅವರೇ ಅಂಗನವಾಡಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ತೊಡಕು ಶುರುವಾದದ್ದು ಹೆಪಟೈಟಿಸ್ ಬಿ ಬಂದ ಮೇಲೆ. 2007-08ರ ಹೊತ್ತಿಗೆ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ ಅದನ್ನು ಕೊಟ್ಟರು. ಡಿಪಿಟಿ ಕೊಡುವ ದಿನವೇ ಇದೂ: ಒಂದೂವರೆ ತಿಂಗಳಿಗೆ, ಎರಡೂವರೆಗೆ, ಮೂರೂವರೆಗೆ. ಪುಸ್ತಕದಲ್ಲಿ ಆರು, ಹತ್ತು, ಹದಿನಾಲ್ಕು ವಾರ ಎಂದಿರುತ್ತದೆ; ಹಳ್ಳಿಯಲ್ಲಿ ವಾರದ ಲೆಕ್ಕ ನಡೆಯುವುದಿಲ್ಲ. ಡಿಪಿಟಿ ಒಂದು ತೊಡೆಗೆ, ಇದು ಇನ್ನೊಂದು ತೊಡೆಗೆ.

ಎರಡನೆಯ ಸೂಜಿ ಎಂದರೆ ಏನೆಂದು ಕಚೇರಿಯಲ್ಲಿ ಕೂತು ತಖ್ತೆ ಬರೆಯುವವರಿಗೆ ತಿಳಿಯುವುದಿಲ್ಲ. ಒಂದೂವರೆ ತಿಂಗಳ ಕೂಸನ್ನು ನಮ್ಮಲ್ಲಿಗೆ ತರುತ್ತಿದ್ದವಳು ಬಹುಪಾಲು ಅದರ ಅಜ್ಜಿ. ಬಾಣಂತಿಯನ್ನು ಹೊರಗೆ ಗಾಳಿಗೆ ಬಿಡುವುದಿಲ್ಲ. ಬಂದರೂ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು, ಕೂಸು ಮಾತ್ರ ಅಜ್ಜಿಯ ತೊಡೆಯ ಮೇಲೆ. ಮೊದಲ ಸೂಜಿಗೆ ಅಜ್ಜಿ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿರುತ್ತಿದ್ದಳು. ಕೂಸು ಉಸಿರು ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಒಮ್ಮೆಗೇ ಚೀರುತ್ತದೆ. ಅಷ್ಟರಲ್ಲಿ ನಾನು ಇನ್ನೊಂದು ಸಿರಿಂಜು ತುಂಬುತ್ತಿರುವುದು ಕಣ್ಣಿಗೆ ಬೀಳುತ್ತದೆ. "ಸಾಕ ತಗೀರಿ ಬಾಯಾರ, ಇದನ್ನ ಮುಂದಿನ ವಾರ ನೋಡೂಣು" ಎಂದು ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಎದ್ದುಬಿಡುತ್ತಿದ್ದಳು. ಅವಳ ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ. ಕಾರ್ಡಿನಲ್ಲಿ ಡಿಪಿಟಿಯ ಮನೆ ತುಂಬಿ, ಪಕ್ಕದ ಹೆಪಟೈಟಿಸ್ ಮನೆ ಖಾಲಿ ಉಳಿದ ಮಕ್ಕಳ ಪಟ್ಟಿಯನ್ನು ನಾನು ಬೇರೆಯೇ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೇಲಧಿಕಾರಿಗಳು ಆ ಪಟ್ಟಿ ನೋಡಿ ನನ್ನನ್ನೇ ಗದರುತ್ತಿದ್ದರು. ಅಜ್ಜಿಯನ್ನು ಗದರುವ ಧೈರ್ಯ ಅವರಿಗೂ ಇರಲಿಲ್ಲ.

ಆಗ ನಾವು ಸಿಸ್ಟರ್‌ಗಳು ಮಾಸಿಕ ಸಭೆಗಳಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೆವು: ಎರಡನ್ನೂ ಒಂದೇ ಸಿರಿಂಜಿಗೆ ಎಳೆದು ಒಮ್ಮೆಲೇ ಕೊಟ್ಟರೆ ಏನಾಗುತ್ತದೆ? ನಗುತ್ತಾ ಕೇಳಿದರೂ ಮನಸ್ಸಿನಲ್ಲಿ ನಿಜವಾಗಿಯೂ ಇದ್ದ ಪ್ರಶ್ನೆ. ಹಾಗೆ ಮಾಡಲೇಬಾರದು ಎಂಬ ಉತ್ತರ ಬರುತ್ತಿತ್ತು, ಯಾಕೆ ಎಂಬುದು ಬರುತ್ತಿರಲಿಲ್ಲ. ಅದು ನನಗೆ ತಿಳಿದದ್ದು ಐದು ಲಸಿಕೆಗಳು ಕೂಡಿದ ಪೆಂಟಾದ ತರಬೇತಿಯಲ್ಲಿ, ಜಿಲ್ಲೆಯಿಂದ ಬಂದಿದ್ದ ವೈದ್ಯರೊಬ್ಬರು ಊಟದ ಹೊತ್ತು ಮೀರಿದರೂ ಕೂತು ವಿವರಿಸಿದಾಗ. ಇಂಥ ಲಸಿಕೆಗಳಲ್ಲಿ ರೋಗದ ಅಂಶದ ಜೊತೆಗೆ ಅದನ್ನು ಹಿಡಿದಿಡುವ ಅಲ್ಯೂಮಿನಿಯಂ ಲವಣ, ಕೆಡದಂತೆ ಕಾಯುವ ರಾಸಾಯನಿಕ ಇರುತ್ತವೆ. ಒಂದರ ರಾಸಾಯನಿಕ ಇನ್ನೊಂದರ ಅಂಶವನ್ನೇ ಹಾಳು ಮಾಡಬಹುದು. ಬಹುಡೋಸಿನ ಬಾಟಲಿಯಲ್ಲಿ ಹಾಕುವ ಥಿಯೋಮರ್ಸಾಲ್ ಚುಚ್ಚುಮದ್ದಿನ ಪೋಲಿಯೊ ಲಸಿಕೆಯನ್ನು ಕೆಡಿಸುತ್ತದೆ. ಪೋಲಿಯೊವನ್ನೂ ಪೆಂಟಾದೊಳಗೆ ಸೇರಿಸುವುದು ಕಷ್ಟವಾದದ್ದಕ್ಕೆ ಅದೂ ಒಂದು ಕಾರಣ. ಇನ್ನು ಕೂಸಿನ ಮೈ: ಒಂದಕ್ಕೆ ಜೋರಾಗಿ ಸ್ಪಂದಿಸಿ ಇನ್ನೊಂದಕ್ಕೆ ಕಡಿಮೆ ಸ್ಪಂದಿಸಬಹುದು. ಹಾಗಾಗಿ ಪ್ರತಿ ಜೋಡಣೆಯನ್ನೂ ಹೊಸ ಲಸಿಕೆಯೆಂದೇ ಎಣಿಸಿ ಮೊದಲಿಂದ ಪರೀಕ್ಷೆ ಮಾಡಬೇಕು.

ಪೆಂಟಾದಲ್ಲಿ ಐದನೆಯದಾದ ಹಿಬ್‌ನ ಕಥೆ ಇನ್ನೂ ಸೊಗಸು. ಹಿಬ್ ಎಂಬ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆ ಜಾತಿಯ ಒಂದು ಹೊದಿಕೆ ಇದೆ. ಎರಡು ವರ್ಷದೊಳಗಿನ ಮಕ್ಕಳ ಮೈ ಬರಿಯ ಆ ಹೊದಿಕೆಯನ್ನು ಶತ್ರುವೆಂದು ಸರಿಯಾಗಿ ಗುರುತಿಸುವುದಿಲ್ಲ. ಆದರೆ ಹಿಬ್ ಮೆದುಳುಪೊರೆಯ ಜ್ವರವನ್ನೂ ನ್ಯುಮೋನಿಯಾವನ್ನೂ ತರುವುದು ಹೆಚ್ಚಾಗಿ ಆ ವಯಸ್ಸಿನವರಿಗೇ. ವಿಜ್ಞಾನಿಗಳು ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿದರು. ಅನೇಕ ಲಸಿಕೆಗಳಲ್ಲಿ ಆ ಪ್ರೋಟೀನ್ ಧನುರ್ವಾಯುವಿನದೇ. ಅಂದರೆ ಹಿಬ್ ಪರಿಚಯವಾಗುವುದೇ ಧನುರ್ವಾಯುವಿನ ಹೆಗಲೇರಿ.

ಅದೇ ವೈದ್ಯರಿಂದ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬಿಬ್ಬರ ಹೆಸರು ಕೇಳಿದೆ. ಆಮೇಲೆ ಮಗನಿಗೆ ಹೇಳಿ ಅವರ ಬಗ್ಗೆ ಹುಡುಕಿಸಿ ಓದಿಕೊಂಡೆ. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಸರ್ಕಾರಿ ಆರೋಗ್ಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವರು. ಇಬ್ಬರೂ ಅದಕ್ಕೆ ಮೊದಲು ಶಾಲೆಯಲ್ಲಿ ಕಲಿಸಿದವರು. 1930ರ ದಶಕ, ಅಲ್ಲಿ ಜನರಿಗೆ ಕೆಲಸವೇ ಇಲ್ಲದ ಕಾಲ. ಹಗಲಿನ ಕೆಲಸ ಮುಗಿಸಿ ಸಂಜೆ ಇವರು ನಾಯಿಕೆಮ್ಮು ಬಂದ ಮಕ್ಕಳ ಮನೆಮನೆಗೆ ಹೋಗಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಕ್ಕಳ ಬಾಯಿ ಮುಂದೆ ಗಾಜಿನ ತಟ್ಟೆ ಹಿಡಿದು ಕೆಮ್ಮಿಸಿಕೊಂಡು ಬರುತ್ತಿದ್ದರು. ಆ ಕೆಮ್ಮಿನಿಂದ ಬೆಳೆಸಿದ ಬ್ಯಾಕ್ಟೀರಿಯಾದಿಂದಲೇ ಕೆಲಸಕ್ಕೆ ಬರುವ ನಾಯಿಕೆಮ್ಮಿನ ಲಸಿಕೆ ಮಾಡಿದರು. 1940ರ ದಶಕದಲ್ಲಿ ಅದನ್ನು ಗಂಟಲಮಾರಿ, ಧನುರ್ವಾಯುವಿನ ಲಸಿಕೆಗಳ ಜೊತೆ ಕೂಡಿಸಿದರು. ದೊಡ್ಡ ವಿಜ್ಞಾನಿಗಳ ಪಟ್ಟಿಯಲ್ಲಿ ಈ ಹೆಸರುಗಳು ಯಾಕೆ ಮೊದಲು ಬರುವುದಿಲ್ಲವೋ. ಮನೆಮನೆಗೆ ಹೋಗಿ ರಿಜಿಸ್ಟರ್ ತುಂಬುವ ಹೆಂಗಸರ ಕೆಲಸವನ್ನು ಎಲ್ಲ ದೇಶದಲ್ಲೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆಂದು ಕಾಣುತ್ತದೆ.

ಪೆಂಟಾವೇಲೆಂಟ್ 2011ರ ಡಿಸೆಂಬರಿನಲ್ಲಿ ಮೊದಲು ಕೇರಳ, ತಮಿಳುನಾಡಿಗೆ ಬಂತು. ಮುಂದಿನ ಸುತ್ತಿನಲ್ಲಿ ನಮ್ಮ ರಾಜ್ಯ. ನನ್ನ ಲಸಿಕೆ ಕ್ಯಾರಿಯರ್‌ಗೆ ಬಂದದ್ದು 2013ರಲ್ಲಿ. ಅರ್ಧ ಎಂಎಲ್, ಎಡತೊಡೆಗೆ, ಒಂದೇ ಸೂಜಿ. ಡಿಪಿಟಿ, ಹೆಪಟೈಟಿಸ್ ಬಿ ಎರಡೂ ಅದರೊಳಗೆ, ಜೊತೆಗೆ ಹಿಬ್ ಕೂಡ. ಮೂರೂವರೆ ತಿಂಗಳೊಳಗೆ ಆರು ಬಾರಿ ಚುಚ್ಚುತ್ತಿದ್ದಲ್ಲಿ ಮೂರೇ ಬಾರಿ. ನಮಗೆಲ್ಲ ಹಬ್ಬವೇ ಅನಿಸಿತು.

ಹಬ್ಬಕ್ಕೆ ಒಂದು ಷರತ್ತಿತ್ತು. ಹೊಸದಾಗಿ ಒಂದೂವರೆ ತಿಂಗಳಿಗೆ ಬರುವ ಕೂಸಿಗೆ ಮಾತ್ರ ಪೆಂಟಾ. ಡಿಪಿಟಿ ಒಂದಾದರೂ ಆಗಿದ್ದರೆ ಆ ಮಗು ಹಳೆಯ ದಾರಿಯಲ್ಲೇ ಮುಗಿಸಬೇಕು. ಹೀಗಾಗಿ ಕೆಲವು ತಿಂಗಳು ಒಂದೇ ಕಟ್ಟೆಯ ಮೇಲೆ ಎರಡು ಬಗೆಯ ಮಕ್ಕಳು. ಅಕ್ಕಪಕ್ಕದ ಮನೆ, ಹುಟ್ಟಿದ್ದರಲ್ಲಿ ಒಂದು ತಿಂಗಳ ಅಂತರ. ಒಂದು ಕೂಸಿಗೆ ಒಂದು ಸೂಜಿ, ಇನ್ನೊಂದಕ್ಕೆ ಎರಡು.

"ಅವರ ಕೂಸಿಗೆ ಒಂದ, ನಮ್ಮದಕ್ಕ ಎರಡ್ಯಾಕ್ರೀ? ಅವರು ಏನ್ ಕೊಟ್ಟಾರ ನಿಮಗ?"

ಜಾತಿ ನೋಡಿ ಸೂಜಿ ಹಾಕುತ್ತಾರೆಂಬ ಮಾತೂ ಒಂದು ಓಣಿಯಲ್ಲಿ ಹುಟ್ಟಿತು. ಇನ್ನೊಂದು ಊರಿನಲ್ಲಿ ತದ್ವಿರುದ್ಧ: ಎರಡು ಸೂಜಿ ಬಿದ್ದವರಿಗೆ ಹೆಚ್ಚು ಔಷಧ ಸಿಕ್ಕಿತು, ನಮಗೆ ಒಂದರಲ್ಲೇ ಮುಗಿಸಿದರು ಎಂಬ ತಕರಾರು. ಎರಡೂ ಕಡೆ ನಾನು ಖಾಲಿ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ. ಓದಲು ಬರುವ ಹುಡುಗನೊಬ್ಬನನ್ನು ಕರೆದು ಲೇಬಲ್ ಓದಿಸುತ್ತಿದ್ದೆ. ಅವನು ಇಂಗ್ಲಿಷಿನ ಆ ಉದ್ದ ಪದಗಳಲ್ಲಿ ಎಡವುವಾಗ ಎಲ್ಲರೂ ನಕ್ಕು, ಜಗಳ ಅಷ್ಟಕ್ಕೇ ನಿಲ್ಲುತ್ತಿತ್ತು.

ಆದರೆ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದಾಗಿರಲಿಲ್ಲ. "ಬಾಯಾರ, ಐದ್ ಜಡ್ಡಿಂದು ಒಂದ ಸೂಜಿ ಅಂತೀರಿ. ಹಂಗಾದ್ರ ಜ್ವರಾನೂ ಐದ್ ಪಟ್ಟ ಬರ್ತಾವೇನು?" ತರಬೇತಿಯಲ್ಲಿ ನಾವು ಯಾರೂ ಇದನ್ನು ಕೇಳಿರಲಿಲ್ಲ. ಸೂಜಿ ಹಾಕಿದ ರಾತ್ರಿಯ ಜ್ವರ, ತೊಡೆಯ ಬಾವು ಹೆಚ್ಚಾಗಿ ನಾಯಿಕೆಮ್ಮಿನ ಪಾಲು. ಆ ಲಸಿಕೆಯಲ್ಲಿ ಸತ್ತ ಬ್ಯಾಕ್ಟೀರಿಯಾ ಇಡಿಯಾಗಿಯೇ ಇರುತ್ತದೆ. ಡಿಪಿಟಿಯಲ್ಲಿ ಅದು ಮೊದಲಿಂದಲೂ ಇತ್ತು. "ಮದ್ಲ ಎಷ್ಟ ಬರ್ತಿತ್ತೋ ಅಷ್ಟ ಬರ್ತಾವ ಯವ್ವಾ, ಜಾಸ್ತಿ ಇಲ್ಲ. ಹನಿ ಔಷಧ ಕೊಡ್ತೀನಿ, ಬಾತಲ್ಲಿ ತಣ್ಣೀರ ಅರಬಿ ಇಡ್ರಿ, ಸುಣ್ಣ ಹಚ್ಚಬ್ಯಾಡ್ರಿ" ಎಂದೆ. ನಂಬಿದಳು. ಮುಂದಿನ ತಿಂಗಳೂ ಬಂದಳು.

ಅದೇ ವರ್ಷ ಪತ್ರಿಕೆಗಳಲ್ಲಿ ಬೇರೆ ಸುದ್ದಿ ಬರಹತ್ತಿತು. ಕೇರಳದಲ್ಲಿ ಪೆಂಟಾ ಹಾಕಿಸಿಕೊಂಡ ಕೆಲವು ಕೂಸುಗಳು ತೀರಿಕೊಂಡಿವೆ ಎಂದು. ವಿಯೆಟ್ನಾಂ ಈ ಲಸಿಕೆಯನ್ನು ಕೆಲಕಾಲ ನಿಲ್ಲಿಸಿದೆ ಎಂದು. ಶ್ರೀಲಂಕಾ 2008ರಲ್ಲೇ ನಿಲ್ಲಿಸಿ 2010ರಲ್ಲಿ ಮತ್ತೆ ಶುರು ಮಾಡಿತ್ತು. ಭೂತಾನವೂ ನಿಲ್ಲಿಸಿ ಆಮೇಲೆ ಶುರು ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ 2013ರಲ್ಲಿ ಈ ನಾಲ್ಕೂ ದೇಶಗಳ ಪ್ರಕರಣಗಳನ್ನು ನೋಡಿ, ಸಾವುಗಳಿಗೆ ಲಸಿಕೆ ಕಾರಣವೆಂದು ತೋರಿಸುವಂಥದ್ದು ಸಿಗಲಿಲ್ಲ ಎಂದಿತು. ಮೊದಲ ಕೆಲವು ತಿಂಗಳಲ್ಲಿ ಬೇರೆ ಕಾರಣಗಳಿಗೆ ತೀರಿಕೊಳ್ಳುವ ಕೂಸುಗಳು ಎಲ್ಲ ಊರಲ್ಲೂ ಇರುತ್ತವೆ; ಅವೇ ತಿಂಗಳುಗಳಲ್ಲಿ ಮೂರು ಬಾರಿ ಸೂಜಿಯೂ ಬೀಳುತ್ತದೆ. ಎರಡೂ ಒಂದೇ ವಾರದಲ್ಲಿ ಬಂದರೆ ಹೆತ್ತವರು ಕೂಡಿಸಿಯೇ ಕೂಡಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಕೂಡಿಸುತ್ತಿದ್ದೆ.

ನಮ್ಮ ಪಕ್ಕದ ಊರಲ್ಲಿ ಹಾಗೇ ಆಯಿತು. ಸೂಜಿಯಾದ ಮೂರನೆಯ ದಿನ ಒಂದು ಕೂಸು ಹೋಯಿತು. ಕೆಲವು ದಿನಗಳಿಂದ ಅದಕ್ಕೆ ಕೆಮ್ಮು, ಪಕ್ಕೆ ಸೆಳೆತ ಇತ್ತೆಂದು ಆಮೇಲೆ ತಿಳಿಯಿತು. ತನಿಖೆಯವರು ಬಂದು ನೋಡಿ ನ್ಯುಮೋನಿಯಾ ಎಂದರು. ಆ ವರದಿ ಬರುವ ಹೊತ್ತಿಗೆ ಸುದ್ದಿ ಸುತ್ತಲ ಸಂತೆಗಳನ್ನೆಲ್ಲ ಸುತ್ತಿ ಬಂದಿತ್ತು. ಮುಂದಿನ ಗುರುವಾರ ಕಟ್ಟೆ ಖಾಲಿ.

ಕೂಡು ಲಸಿಕೆಯ ಇನ್ನೊಂದು ಮುಖ ನನಗೆ ಕಂಡದ್ದು ಆ ದಿನಗಳಲ್ಲಿ. ಇಪ್ಪತ್ತೈದು ವರ್ಷ ಡಿಪಿಟಿಯನ್ನು ಒಪ್ಪಿಕೊಂಡಿದ್ದ ಮನೆಗಳವು. ಹೆಪಟೈಟಿಸ್ ಸೂಜಿಗೆ ಮುಖ ಸಿಂಡರಿಸಿದ ಅಜ್ಜಿ ಕೂಡ ಡಿಪಿಟಿ ಬೇಡ ಎಂದವಳಲ್ಲ. ಈಗ ಪೆಂಟಾ ಬೇಡ ಎಂದಾಗ ಗಂಟಲಮಾರಿಯದೂ ಹೋಯಿತು, ಧನುರ್ವಾಯುವಿನದೂ ಹೋಯಿತು. ಮೊದಲಾದರೆ ಒಂದು ಖಾಲಿ ಉಳಿದರೆ ಇನ್ನೊಂದು ತುಂಬಿರುತ್ತಿತ್ತು. ಈಗ ಐದೂ ಒಟ್ಟಿಗೆ ಖಾಲಿ. "ಹಳೇ ಸೂಜಿನ ಮಾಡ್ರಿ, ಬ್ಯಾಡ ಅನ್ನಂಗಿಲ್ಲ" ಎಂದಳು ಒಬ್ಬ ತಾಯಿ. ಒಂದೂವರೆ ವರ್ಷದ ಬೂಸ್ಟರ್‌ಗೆಂದು ಡಿಪಿಟಿ ಬಾಟಲಿ ನನ್ನ ಕ್ಯಾರಿಯರ್‌ನಲ್ಲೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಡಲು ಆದೇಶವಿರಲಿಲ್ಲ, ಕೊಡಲಿಲ್ಲ. ಆ ನಿಯಮ ಸರಿಯಿತ್ತೆಂದು ಇವತ್ತೂ ಒಪ್ಪುತ್ತೇನೆ. ಒಂದು ಊರಿನ ಭಯಕ್ಕೆ ಹಳೆಯದಕ್ಕೆ ಮರಳಿದ್ದರೆ ಹೊಸದು ವಿಷವೆಂದು ನಾವೇ ಸಾರಿದಂತಾಗುತ್ತಿತ್ತು. ಆದರೆ ಆ ತಾಯಿ ಕೇಳಿದ್ದೂ ತಪ್ಪಲ್ಲ.

ಭಯಕ್ಕೆ ಲಸಿಕೆ ಬಿಡುವುದು ಹಿಂದೆ ಜಪಾನಿನಲ್ಲಿ ದೊಡ್ಡ ಮಟ್ಟದಲ್ಲಿ ಆಗಿಹೋಗಿದೆ. ಡಿಪಿಟಿಯ ನಂತರ ಎರಡು ಕೂಸುಗಳು ತೀರಿಕೊಂಡವೆಂದು 1975ರಲ್ಲಿ ಅಲ್ಲಿ ಲಸಿಕೆ ನಿಲ್ಲಿಸಿದರು. ಮತ್ತೆ ಶುರು ಮಾಡಿದರೂ ಜನ ಬರಲಿಲ್ಲ. 1979ರಲ್ಲಿ 13 ಸಾವಿರಕ್ಕೂ ಹೆಚ್ಚು ಜನಕ್ಕೆ ನಾಯಿಕೆಮ್ಮು ಬಂದು 41 ಸಾವಾಯಿತು. ನಮ್ಮ ನಾಲ್ಕು ಹಳ್ಳಿಗಳಲ್ಲಿ ಅಂಥದ್ದೇನೂ ಆಗಲಿಲ್ಲ. ನಾನು, ಆಶಾ ಕಾರ್ಯಕರ್ತೆ ಇಬ್ಬರೂ ಮನೆಮನೆ ತಿರುಗಿದೆವು ನಿಜ. ಆದರೆ ಜನ ಮರಳಿದ್ದು ನಮ್ಮ ಮಾತಿಗಿಂತ ಹೆಚ್ಚಾಗಿ ಬಾಣಂತನ ಮುಗಿದದ್ದಕ್ಕೆ. ತವರಿನಲ್ಲಿ ಹೆದರಿ ಬಿಟ್ಟ ಹುಡುಗಿಯರು ಗಂಡನ ಊರಿಗೆ ಹೋದರು. ಅಲ್ಲಿ ಆ ಸುದ್ದಿಯೇ ಇರಲಿಲ್ಲ. ಅಲ್ಲಿಯ ಸಿಸ್ಟರ್ ಹಾಕಿದಳು, ಇವರು ಹಾಕಿಸಿಕೊಂಡರು. ನಮ್ಮ ಸಾಧನೆಯ ತಖ್ತೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಬಾಟಲಿಯ ವಿಷಯದಲ್ಲೂ ಕೂಡುವುದರ ಬೆಲೆ ಅದೇ: ಒಂದು ಬಾಟಲಿ ಕೆಟ್ಟರೆ ಐದೂ ಹೋದಂತೆ. ಲಸಿಕೆ ಕೆಡುವುದು ಬಿಸಿಲಿಗೆ ಎಂದು ಎಲ್ಲರೂ ತಿಳಿಯುತ್ತಾರೆ. ನಮ್ಮ ಸೀಮೆಯ ಏಪ್ರಿಲ್ ತಿಂಗಳಲ್ಲಿ ಬೇರೆ ಏನು ತೋಚೀತು? ಪೆಂಟಾ, ಡಿಪಿಟಿ, ಹೆಪಟೈಟಿಸ್ ಬಿ ಇವಕ್ಕೆ ಚಳಿಯೇ ದೊಡ್ಡ ಶತ್ರು. ಎರಡರಿಂದ ಎಂಟು ಡಿಗ್ರಿ ಸರಿ, ಹೆಪ್ಪುಗಟ್ಟಿತೋ, ಮುಗಿಯಿತು. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಕ್ಯಾರಿಯರ್‌ಗೆ ಇಡಬಾರದು. ಹೊರಗಿಟ್ಟು, ಅದು ಬೆವೆತು, ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಕಾಯಬೇಕು. ಬಸ್ಸಿನ ಹೊತ್ತಾಯಿತೆಂದು ಆತುರ ಪಡುವ ಹೊಸ ಹುಡುಗಿಯರಿಗೆ ಇದನ್ನು ಕಲಿಸುವುದೇ ಒಂದು ಕೆಲಸವಾಗಿತ್ತು. ಅನುಮಾನ ಬಂದರೆ ಪರೀಕ್ಷೆಯುಂಟು: ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಒಂದು ಬಾಟಲಿ, ಅನುಮಾನದ ಬಾಟಲಿ, ಎರಡನ್ನೂ ಚೆನ್ನಾಗಿ ಅಲುಗಿಸಿ ಮೇಜಿನ ಮೇಲಿಟ್ಟು ನೋಡುವುದು. ಕೆಟ್ಟದ್ದು ಒಡೆದ ಹಾಲಿನಂತೆ ಚೂರುಚೂರಾಗಿ ಬೇಗ ತಳಕ್ಕಿಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಹತ್ತು ಡೋಸಿನ ಒಂದು ಬಾಟಲಿ ಚೆಲ್ಲುವಾಗ ಡಿಪಿಟಿಯ ಕಾಲದಲ್ಲಿ ಇಲ್ಲದ ಸಂಕಟ ಪೆಂಟಾದಲ್ಲಿ ಇತ್ತು. ತೆರೆದ ಬಾಟಲಿಯನ್ನು, ನಿಯಮದ ಪ್ರಕಾರ ಕಾಪಾಡಿದ್ದರೆ, 28 ದಿನದವರೆಗೆ ಬಳಸಬಹುದೆಂಬ ಆದೇಶ ಬಂದದ್ದು ದೊಡ್ಡ ಉಪಕಾರ. ಅದಕ್ಕೆ ಮೊದಲು ಎರಡೇ ಕೂಸು ಬಂದ ದಿನ ಉಳಿದ ಎಂಟು ಡೋಸು ಸಂಜೆಗೆ ಹಾಳು.

2017ರ ಫೆಬ್ರುವರಿಯ ದಢಾರ-ರುಬೆಲ್ಲಾ ಅಭಿಯಾನವನ್ನು ಹೆಚ್ಚು ಹೇಳುವುದಿಲ್ಲ. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ, ಶಾಲೆಶಾಲೆಗೆ ಹೋಗಿ ಕೊಟ್ಟದ್ದು. ವಾಟ್ಸ್ಆ್ಯಪ್ ಆಗ ನಮ್ಮೂರಿಗೂ ಬಂದಿತ್ತು, ಅಷ್ಟು ಹೇಳಿದರೆ ಉಳಿದದ್ದು ಓದುಗರಿಗೇ ಗೊತ್ತಾಗುತ್ತದೆ. ಅಲ್ಲಿ ಗಮನಿಸಿದ್ದು ಒಂದೇ. ರುಬೆಲ್ಲಾ ಎಂದರೆ ಯಾರಿಗೂ ಗೊತ್ತಿರಲಿಲ್ಲ, ದಢಾರ ಎಲ್ಲರಿಗೂ ಗೊತ್ತು. ತಾಯಂದಿರು ಕಂಡ ಜಡ್ಡಿನ ಜೊತೆ ಕಾಣದ ಜಡ್ಡಿನ ಔಷಧವೂ ಹೋಯಿತು. ಹಿಬ್ ಪೆಂಟಾದೊಳಗೆ ಬಂದದ್ದೂ ಹಾಗೆಯೇ. ಬರಿಯ ಹಿಬ್ ಸೂಜಿ ಎಂದು ಬೇರೆ ತಂದಿದ್ದರೆ ನಮ್ಮ ಅಜ್ಜಿಯರು ಹಾಕಿಸುತ್ತಿದ್ದರೆಂದು ನಾನು ನಂಬುವುದಿಲ್ಲ.

ನಾನು ನಿವೃತ್ತಳಾದ ಮೇಲೆ ಸೂಜಿಗಳು ಮತ್ತೆ ಹೆಚ್ಚಿವೆ. ಒಂದೂವರೆ ತಿಂಗಳಿಗೆ ಈಗ ಎಡತೊಡೆಗೆ ಪೆಂಟಾ, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿಗೆ ಪೋಲಿಯೊದ ಪುಟ್ಟ ಸೂಜಿ. ಬಾಯಿಗೆ ಪೋಲಿಯೊ, ರೋಟಾ ಹನಿ ಬೇರೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳಿಗೆ ಹಾಕಿದ್ದು ಆರು ಕೂಡಿದ್ದು, ಪೋಲಿಯೊ ಅದರೊಳಗೇ. ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಇಡಿಯಾಗಿ ಇರುವುದಿಲ್ಲ, ಬೇಕಾದ ತುಣುಕುಗಳು ಮಾತ್ರ. ಜ್ವರ ಕಡಿಮೆ, ರಕ್ಷಣೆ ಬೇಗ ಇಳಿಯುತ್ತದೆ, ಬಿಲ್ಲು ಸಾವಿರಗಟ್ಟಲೆ. ಸೊಸೆ ಅದನ್ನು ಪೇನ್‌ಲೆಸ್ ಅನ್ನುತ್ತಾಳೆ. ಸೂಜಿ ಸೂಜಿಯೇ ಎಂದು ನಾನು ವಾದಿಸಲು ಹೋಗಲಿಲ್ಲ.

ಎರಡೂವರೆ ತಿಂಗಳಿನ ಹೊತ್ತಿಗೆ ಅವರು ಊರಿಗೆ ಬಂದಿದ್ದರು. ಆ ಆರರ ಲಸಿಕೆ ಗದಗಿನ ಅಂಗಡಿಗಳಲ್ಲಿ ಆ ವಾರ ಸಿಗಲಿಲ್ಲ.

"ಅತ್ತ್ಯಾರ, ಬೆಂಗಳೂರಿಗೆ ಹೋದ ಮ್ಯಾಲ ಹಾಕಸೂಣಲ್ರೀ?"

"ಯಾವಾಗ ಹೋಗ್ತೀರಿ?"

"ಇನ್ನೂ ತಿಂಗಳಾಗ್ತದ."

ಶುರು ಮಾಡಿದ್ದನ್ನೇ ಮುಂದುವರಿಸುವುದು ಒಳ್ಳೆಯದು. ಸಿಗದಿದ್ದರೆ ಕಾಯುತ್ತ ಕೂರುವುದಕ್ಕಿಂತ ಸಿಕ್ಕಿದ್ದನ್ನು ಹಾಕಿಸುವುದು ಮೇಲು. ಅಷ್ಟನ್ನು ಹೇಳಿ, ಗುರುವಾರ ಅವಳನ್ನೂ ಕೂಸನ್ನೂ ಕರೆದುಕೊಂಡು ಅಂಗನವಾಡಿಗೆ ಹೋದೆ. ಎರಡೂವರೆ ತಿಂಗಳಿಗೆ ಪೆಂಟಾ ಒಂದೇ ಸೂಜಿ. ಹೊಸ ಸಿಸ್ಟರ್ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದಿದ್ದಳು, ಐಸ್‌ಪ್ಯಾಕ್ ಬೆವೆತಿತ್ತು. ರಾತ್ರಿ ಜ್ವರ ಬಂತು, ನೂರೊಂದು. ಸೊಸೆ ಎರಡು ತಾಸಿಗೊಮ್ಮೆ ಎದ್ದು ಥರ್ಮಾಮೀಟರ್ ಇಟ್ಟಳು. ಬೆಳಗಾದ ಮೇಲೆ, "ಮೂರನೇದು ನಾನು ಬೆಂಗಳೂರಾಗ ಹಾಕಸ್ತೀನ್ರಿ, ರೊಕ್ಕ ಹೋದ್ರ ಹೋಗ್ಲಿ" ಎಂದಳು. ಎಲ್ಲಿಯಾದರೂ ಸರಿ, ಇವತ್ತಿನಿಂದ ನಾಲ್ಕು ವಾರ ಎಂದು ಹೇಳಿ, ಆ ತಾರೀಖನ್ನು ತಾಯಿ ಕಾರ್ಡಿನಲ್ಲೂ ಅವಳ ಆಸ್ಪತ್ರೆಯ ಬಣ್ಣದ ಪುಸ್ತಕದಲ್ಲೂ ಬರೆದುಕೊಟ್ಟೆ.